ಹಳೆ ಕಾರಿನ ಅಡಿಯಲ್ಲಿ ‘ಟಕ್’ ಸದ್ದು: ಬುಷ್ ಹೋಗಿದೆಯೋ, ಬೇರೇನೋ?

ಮಳೆಗಾಲ ಕಳೆದು ರಸ್ತೆಯ ಗುಂಡಿಗಳೆಲ್ಲ ಬಾಯಿ ಬಿಟ್ಟುಕೊಂಡು ಕೂತ ಮೇಲೆ ಚಿಕ್ಕಮಗಳೂರಿನ ಗ್ಯಾರೇಜುಗಳಲ್ಲಿ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ. “ಮುಂದ್ಗಡೆ ಎಡಭಾಗದಲ್ಲಿ ಏನೋ ಟಕ್ ಟಕ್ ಅಂತಿದೆ, ಸ್ವಲ್ಪ ನೋಡಿ.” ನೋಡುವವರು ಬಾನೆಟ್ ಮೂಲೆಯನ್ನು ಎರಡು ಸಲ ಅದುಮಿ, “ಶಾಕಪ್ ಹೋಗಿದೆ ಸಾರ್, ಎರಡೂ ಹಾಕ್ಬಿಡೋಣ” ಅಂದುಬಿಡುತ್ತಾರೆ. ಹೊಸ ಶಾಕಪ್ ಕೂರುತ್ತದೆ, ಬಿಲ್ಲು ಸಾವಿರಗಳಲ್ಲಿ ಆಗುತ್ತದೆ, ಕೈಮರ ದಾಟುವಷ್ಟರಲ್ಲಿ ಅದೇ ಟಕ್ ಟಕ್ ಶುರು. ಹೋಗಿದ್ದದ್ದು ನೂರರ ಲೆಕ್ಕದ ಒಂದು ರಬ್ಬರ್ ಬುಷ್.

ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ಮೊದಲು ಯಾವಾಗ ಬರುತ್ತಿದೆ ಎಂದು ಗಮನಿಸಿ. ಕಾರಿನ ಬಾಡಿ ಸದ್ದನ್ನು ಎಲ್ಲಿಂದೆಲ್ಲಿಗೋ ಒಯ್ಯುತ್ತದೆ. ಎಡಗಡೆಯದ್ದು ಬಲಗಡೆ ಕೇಳುವುದೂ ಉಂಟು. ಆದರೆ ಬ್ರೇಕ್ ಒತ್ತಿದಾಗ ಬರುವ ಸದ್ದು ಬ್ರೇಕ್ ಒತ್ತಿದಾಗಲೇ ಬರುತ್ತದೆ, ಅದರಲ್ಲಿ ಮೋಸವಿಲ್ಲ. ಅದಕ್ಕೇ ಇಲ್ಲಿ ಎಲ್ಲವನ್ನೂ ಲಕ್ಷಣದ ಮೇಲೆ ವಿಂಗಡಿಸಿದ್ದೇನೆ. ಖರ್ಚಿಲ್ಲದ್ದು ಮೊದಲು, ಬಿಚ್ಚಿ ನೋಡುವಂಥದ್ದು ಆಮೇಲೆ.

ಬುಷ್ ಅಂದರೆ ಏನು ಎಂಬುದನ್ನು ಎರಡು ಮಾತಲ್ಲಿ ಹೇಳಿ ಮುಂದೆ ಹೋಗೋಣ. ಒಳಗೊಂದು ಕಬ್ಬಿಣದ ಕೊಳವೆ, ಹೊರಗೊಂದು ಕೊಳವೆ, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರ್. ಬೋಲ್ಟು ಒಳಗಿನ ಕೊಳವೆಯನ್ನು ಬಾಡಿಗೆ ಗಟ್ಟಿಯಾಗಿ ಹಿಡಿದಿರುತ್ತದೆ. ಚಕ್ರ ಮೇಲೆ ಕೆಳಗೆ ಆಡಿದಾಗ ಕೊಳವೆ ತಿರುಗುವುದಿಲ್ಲ, ನಡುವಿನ ರಬ್ಬರ್ ತಿರುಚಿಕೊಂಡು ಮತ್ತೆ ಮೊದಲಿನಂತಾಗುತ್ತದೆ. ಹಾಗಾಗಿ ಇದಕ್ಕೆ ಗ್ರೀಸ್ ಬೇಕಿಲ್ಲ. ಗ್ರೀಸು, ಎಂಜಿನ್ ಆಯಿಲ್ಲು, ಡೀಸೆಲ್ಲು ಯಾವುದು ಬಿದ್ದರೂ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ವಾಟರ್ ವಾಶ್ ಆದ ಮೇಲೆ ಅಡಿಗೆಲ್ಲ ಡೀಸೆಲ್ ಹೊಡೆಸುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆಯಲ್ಲ, ಅದು ತುಕ್ಕಿಗೆ ಒಳ್ಳೆಯದಿರಬಹುದು, ಬುಷ್‌ಗೆ ವಿಷ.

ಕಾರಿನ ಅಡಿಗೆ ಹೋಗುವ ಮೊದಲು

ಡಿಕ್ಕಿ ಖಾಲಿ ಮಾಡಿ. ಸ್ಟೆಪ್ನಿ, ಜಾಕಿ, ಪಾನಾ, ತೋಟಕ್ಕೆ ಹೋಗುವವರಾದರೆ ಕತ್ತಿ, ಹಗ್ಗ, ಸ್ಪ್ರೇಯರ್ ನಾಜಲ್ಲು, ಎಲ್ಲವನ್ನೂ ಇಳಿಸಿ ಅದೇ ರಸ್ತೆಯಲ್ಲಿ ಒಂದು ಸುತ್ತು ಹಾಕಿ. ಹಿಂದಿನ ಸೀಟಿನ ಬೆಲ್ಟ್ ಬಕಲ್ ಪ್ಲಾಸ್ಟಿಕ್ಕಿಗೆ ಬಡಿಯುವುದನ್ನೇ ಸಸ್ಪೆನ್ಷನ್ ಅಂದುಕೊಂಡವರನ್ನು ಕಂಡಿದ್ದೇನೆ. ಎಂಜಿನ್ ತಣ್ಣಗಿರುವಾಗ ಸೈಲೆನ್ಸರ್ ಪೈಪನ್ನು ಕೈಯಲ್ಲಿ ಅಲ್ಲಾಡಿಸಿ. ನೇತುಹಾಕುವ ರಬ್ಬರ್ ಹರಿದಿದ್ದರೆ ಅದು ಅಡಿಗೆ ಬಡಿದು ಥೇಟ್ ಬುಷ್ ಸದ್ದನ್ನೇ ಮಾಡುತ್ತದೆ.

ನಾಲ್ಕೂ ಟೈರಿನ ಗಾಳಿ ಸರಿ ಮಾಡಿಸಿ, ವೀಲ್ ನಟ್‌ಗಳನ್ನು ಒಮ್ಮೆ ಬಿಗಿ ನೋಡಿ. ಸಡಿಲ ಚಕ್ರವೂ ಟಕ್ ಅನ್ನುತ್ತದೆ. ಪಂಕ್ಚರ್ ಹಾಕಿಸಿದ ವಾರದಲ್ಲಿ ಸದ್ದು ಶುರುವಾಗಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಇನ್ನೊಂದು ಪುಕ್ಕಟೆ ಪರೀಕ್ಷೆ: ಸದ್ದು ಬರುತ್ತಿರುವಾಗಲೇ ಬ್ರೇಕ್ ಪೆಡಲ್ ಮೇಲೆ ಕಾಲನ್ನು ಹಗುರವಾಗಿ ಇಡಿ. ಕಾರು ನಿಧಾನವಾಗದಷ್ಟು ಹಗುರವಾಗಿ. ಸದ್ದು ತಟ್ಟನೆ ನಿಂತರೆ ಬ್ರೇಕ್ ಪ್ಯಾಡ್ ಅಥವಾ ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ ಸಡಿಲವಾಗಿದೆ, ಬುಷ್ ಗೋಜಿಗೆ ಹೋಗಬೇಡಿ.

ಸಣ್ಣ ಗುಂಡಿಗೆ ಟಕಟಕ, ದೊಡ್ಡ ಹಂಪ್‌ಗೆ ಸದ್ದೇ ಇಲ್ಲ

ಇದು ತುಂಬ ಜನಕ್ಕೆ ಒಗಟಾಗಿ ಕಾಣುತ್ತದೆ. ದೊಡ್ಡ ಹಂಪ್ ಹತ್ತಿಳಿದರೂ ಸುಮ್ಮನಿರುವ ಕಾರು, ಟಾರು ಕಿತ್ತುಹೋದ ರಸ್ತೆಯಲ್ಲಿ ಇಪ್ಪತ್ತರ ವೇಗಕ್ಕೇ ಲೊಟಲೊಟ ಅನ್ನುತ್ತದೆ. ಕಾರಣ ಸ್ಟೆಬಿಲೈಸರ್ ಬಾರ್. ಎಡಬಲ ಚಕ್ರಗಳನ್ನು ಸೇರಿಸುವ ಈ ಬಾಗಿದ ಸರಳು, ಎರಡೂ ಚಕ್ರ ಒಟ್ಟಿಗೆ ಏರಿದರೆ ತಿರುಚಿಕೊಳ್ಳುವುದಿಲ್ಲ. ಹಂಪ್ ನೇರವಾಗಿ ಹತ್ತಿದಾಗ ಆಗುವುದು ಅದೇ. ಒಂದೇ ಚಕ್ರ ಗುಂಡಿಗೆ ಇಳಿದಾಗ ಮಾತ್ರ ಅದಕ್ಕೆ ಕೆಲಸ. ಆಗ ಅದನ್ನು ಹಿಡಿದಿರುವ ಡಿ ಬುಷ್ ಸವೆದಿದ್ದರೆ, ಬಾರಿನ ತುದಿಯನ್ನು ಚಕ್ರದ ಕಡೆಗೆ ಸೇರಿಸುವ ಸಣ್ಣ ಸರಳು, ಅಂದರೆ ಲಿಂಕ್ ರಾಡ್, ಸಡಿಲವಾಗಿದ್ದರೆ ಬಡಿಯುತ್ತದೆ.

ಖಚಿತ ಮಾಡಿಕೊಳ್ಳಲು ಅದೇ ಹಂಪನ್ನು ಒಮ್ಮೆ ನೇರವಾಗಿ, ಇನ್ನೊಮ್ಮೆ ಓರೆಯಾಗಿ ಹತ್ತಿಸಿ. ಓರೆಗೆ ಮಾತ್ರ ಸದ್ದು ಬಂದರೆ ಬಹುತೇಕ ಇದೇ.

ಲಿಂಕ್ ರಾಡ್ ಇರುವ ಕಾರುಗಳಲ್ಲಿ ಸ್ಟೇರಿಂಗನ್ನು ಒಂದು ಕಡೆ ಪೂರ್ತಿ ತಿರುಗಿಸಿಟ್ಟು ಎಂಜಿನ್ ಆಫ್ ಮಾಡಿ, ಕಾರು ನೆಲದ ಮೇಲೆ ನಿಂತಿರುವಾಗಲೇ ಚಕ್ರದ ಹಿಂದಿನಿಂದ ಕೈ ಹಾಕಿ ಲಿಂಕನ್ನು ಅಲ್ಲಾಡಿಸಿ. ಕೈಗೇ ಕಟಕಟ ಸಿಕ್ಕಿದರೆ ಮುಗಿಯಿತು. ಡಿ ಬುಷ್ ಅನೇಕ ಕಾರುಗಳಲ್ಲಿ ಸೀಳಿದ ರಬ್ಬರ್, ಮೇಲೊಂದು ಪಟ್ಟಿ, ಎರಡು ಬೋಲ್ಟು, ಅಷ್ಟೆ. ಮನೆಯಲ್ಲೇ ಹಾಕಬಹುದು. ಇದರಿಂದ ಕಾರು ಕೈಕೊಡುವ ಭಯ ಕಡಿಮೆ, ಕಿರಿಕಿರಿಯೇ ಹೆಚ್ಚು. ಮುಂದಿನ ಸರ್ವೀಸಿನ ತನಕ ಕಾಯಬಹುದು.

ಮಾರುತಿ 800ರಂಥ ಹಳೆಯ ಕಾರು ಇಟ್ಟುಕೊಂಡವರು ಮಾತ್ರ ಇಷ್ಟು ಹಗುರವಾಗಿ ತಗೊಳ್ಳಬೇಡಿ. ಅವುಗಳಲ್ಲಿ ಲೋಯರ್ ಆರ್ಮನ್ನು (ಚಕ್ರವನ್ನು ಬಾಡಿಗೆ ಸೇರಿಸುವ ಕೆಳಗಿನ ತೋಳನ್ನು) ಹಿಂದೆ ಮುಂದೆ ಹೋಗದಂತೆ ಹಿಡಿದಿರುವುದೂ ಇದೇ ಸ್ಟೆಬಿಲೈಸರ್ ಬಾರ್. ಅದರ ತುದಿಯ ಬುಷ್ ಹೋದರೆ ಚಕ್ರವೇ ಜಾಗ ಬಿಡುತ್ತದೆ, ಲಕ್ಷಣವೂ ಮುಂದಿನ ಭಾಗದಲ್ಲಿ ಹೇಳಿದಂತೆ ಇರುತ್ತದೆ.

ಬ್ರೇಕ್ ಒತ್ತಿದಾಗ ಒಂದೇ ಒಂದು ‘ಧಡ್’

ಇದು ಲೋಯರ್ ಆರ್ಮ್ ಬುಷ್‌ನ ಸಹಿ. ಬ್ರೇಕ್ ಹಿಡಿದಾಗ ಚಕ್ರ ಹಿಂದಕ್ಕೆ ಜಗ್ಗುತ್ತದೆ, ಬಿಟ್ಟು ಮುಂದೆ ಸಾಗಿದಾಗ ಮತ್ತೆ ಮುಂದಕ್ಕೆ ಬರುತ್ತದೆ. ರಬ್ಬರ್ ಗಟ್ಟಿ ಇದ್ದರೆ ಈ ಓಡಾಟ ಗೊತ್ತೇ ಆಗುವುದಿಲ್ಲ. ಹರಿದಿದ್ದರೆ ಕಬ್ಬಿಣಕ್ಕೆ ಕಬ್ಬಿಣ ತಾಗಿ ಧಡ್ ಅನ್ನುತ್ತದೆ, ಕಾಲಡಿಯ ಫ್ಲೋರಿಗೇ ಹೊಡೆದ ಹಾಗೆ. ರಿವರ್ಸ್ ತೆಗೆದು ಬ್ರೇಕ್ ಹಿಡಿದಾಗ ಇನ್ನೊಂದು ಸಲ. ಘಾಟಿ ಇಳಿಯುವಾಗ ಇದು ಬೇಗ ಬಯಲಾಗುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಪ್ರತಿ ತಿರುವಿಗೂ ಬ್ರೇಕ್ ಮುಟ್ಟಲೇಬೇಕಲ್ಲ.

ಪರೀಕ್ಷೆಗೆ ಸಮತಟ್ಟಾದ ಖಾಲಿ ಜಾಗ ಬೇಕು, ಕಾಫಿ ಒಣಗಿಸುವ ಕಣ ಖಾಲಿಯಿದ್ದರೆ ಅದೇ ಸಾಕು. ಒಬ್ಬರು ಕಾರಿನ ಪಕ್ಕದಲ್ಲಿ ನಾಲ್ಕಾರು ಹೆಜ್ಜೆ ದೂರ ನಿಂತು ಮುಂದಿನ ಚಕ್ರವನ್ನೇ ನೋಡಲಿ. ಕಾರಿನ ಮುಂದೆ ಅಥವಾ ಹಿಂದೆ ಯಾರೂ ನಿಲ್ಲಬಾರದು. ನಡಿಗೆಯ ವೇಗದಲ್ಲಿ ಹೋಗಿ ಬ್ರೇಕ್ ಹಿಡಿಯಿರಿ, ಆಮೇಲೆ ರಿವರ್ಸ್‌ನಲ್ಲಿ ಹಾಗೇ ಮಾಡಿ. ಮಡ್‌ಗಾರ್ಡಿನ ಕಮಾನಿನೊಳಗೆ ಚಕ್ರ ಹಿಂದೆ ಮುಂದೆ ಸರಿಯುವುದು ಬರಿಗಣ್ಣಿಗೆ ಕಂಡರೆ ಬುಷ್ ಮುಗಿದಿದೆ.

ಕಣ್ಣಾರೆ ನೋಡಬೇಕೆಂದರೆ ಅಡಿಗೆ ಹೋಗಬೇಕು. ಅದಕ್ಕೆ ಮೊದಲು ಜಾಕಿ ವಿಚಾರ.

ಜಾಕಿ ಎತ್ತುವುದಕ್ಕೆ ಮಾತ್ರ, ಹಿಡಿದಿರುವುದಕ್ಕಲ್ಲ

ಬರೀ ಜಾಕಿ ಮೇಲೆ ನಿಂತ ಕಾರಿನ ಅಡಿಗೆ ತಲೆ ಹಾಕಬೇಡಿ. ಕೈಯೂ ಬೇಡ. ಜಾಕ್ ಸ್ಟ್ಯಾಂಡ್ ಎರಡು ಬೇಕೇ ಬೇಕು. ಕಲ್ಲು, ಇಟ್ಟಿಗೆ, ಹಾಲೋ ಬ್ಲಾಕ್ ಜೋಡಿಸಿ ನಿಲ್ಲಿಸುವುದು ಸಾವಿನ ಜೊತೆ ಸರಸ, ಬ್ಲಾಕ್ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಮಲೆನಾಡಿನ ಮನೆ ಅಂಗಳ ಸಮತಟ್ಟಾಗಿರುವುದೇ ಅಪರೂಪ, ಮಳೆಗಾಲದಲ್ಲಿ ಮಣ್ಣು ಮೆತ್ತಗೆ ಬೇರೆ. ಕಾಂಕ್ರೀಟ್ ನೆಲ ಸಿಗದಿದ್ದರೆ ಈ ಕೆಲಸವನ್ನು ಪಿಟ್ (ಕಾರಿನ ಅಡಿಗೆ ಇಳಿದು ನೋಡುವ ಗುಂಡಿ) ಇರುವ ಗ್ಯಾರೇಜಿಗೆ ಬಿಡಿ. ಹಿಂದಿನ ಎರಡೂ ಚಕ್ರಕ್ಕೆ ಅಡ್ಡೆ ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಸ್ಟ್ಯಾಂಡ್ ಮೇಲೆ ಇಳಿಸಿದ ಮೇಲೆ ಕಾರನ್ನು ಪಕ್ಕದಿಂದ ಒಮ್ಮೆ ನೂಕಿ ನೋಡಿ, ಆಮೇಲೆ ಒಳಗೆ ಹೋಗಿ.

ಮುಂದಿನ ಎರಡೂ ಚಕ್ರ ಸಮನಾಗಿ ಎತ್ತಿ. ಒಂದೇ ಎತ್ತಿದರೆ ಸ್ಟೆಬಿಲೈಸರ್ ಬಾರ್ ಬಿಗಿದುಕೊಂಡು ಸಡಿಲ ಇರುವುದೂ ಗಟ್ಟಿ ಇದ್ದಂತೆ ತೋರುತ್ತದೆ.

ಒಳಗೆ ಏನು ನೋಡಬೇಕು

ಟಾರ್ಚ್ ಹಿಡಿದು ಲೋಯರ್ ಆರ್ಮ್ ಬಾಡಿಗೆ ಸೇರುವ ಜಾಗ ನೋಡಿ. ಮೊದಲು ಕೆಸರು ಕೆರೆದು, ಒಣ ಬಟ್ಟೆಯಲ್ಲಿ ಒರೆಸಿಕೊಳ್ಳಿ. ರಬ್ಬರಿನ ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಇದ್ದರೆ ಅದು ವಯಸ್ಸು, ಬದಲಾಯಿಸುವ ಅಗತ್ಯವಿಲ್ಲ. ಇದನ್ನೇ ತೋರಿಸಿ “ಕ್ರ್ಯಾಕ್ ಬಿಟ್ಟಿದೆ ನೋಡಿ” ಅಂದರೆ ಒಪ್ಪಬೇಡಿ. ಉಗುರು ಒಳಗೆ ಇಳಿಯುವಷ್ಟು ಸೀಳು, ರಬ್ಬರ್ ಕೊಳವೆಯಿಂದ ಬಿಟ್ಟುಕೊಂಡು ಕಾಣುವ ಕಪ್ಪು ಸಂದು, ಆ ಸಂದಿನ ಸುತ್ತ ಮಸಿಯಂಥ ನುಣ್ಣನೆ ಪುಡಿ ಇದ್ದರೆ ಅದು ಹೋದ ಬುಷ್. ಬೋಲ್ಟಿನ ತಲೆ ನಡುಮಧ್ಯದಲ್ಲಿರಬೇಕು, ಒಂದು ಕಡೆಗೆ ವಾಲಿ ರಬ್ಬರ್ ಅಲ್ಲಿ ತೆಳ್ಳಗಾಗಿ ಇನ್ನೊಂದು ಕಡೆ ಅರ್ಧಚಂದ್ರಾಕಾರದ ಖಾಲಿ ಬಿದ್ದಿದ್ದರೆ ಕೆಲಸ ಮುಗಿದಂತೆ. ಆದರೆ ಕೆಲವು ಬುಷ್‌ಗಳಲ್ಲಿ ಕಂಪನಿಯೇ ಬೇಕೆಂದು ಖಾಲಿ ಬಿಟ್ಟಿರುತ್ತದೆ. ಅಂಥ ಖಾಲಿಯ ಅಂಚು ನಯವಾಗಿ, ಎರಡು ಕಡೆ ಒಂದೇ ಅಳತೆಯಲ್ಲಿರುತ್ತದೆ, ಹರಿದದ್ದು ಹಾಗಿರುವುದಿಲ್ಲ. ಕೆಲವು ಹೊಸ ಮಾದರಿಗಳಲ್ಲಿ ಬುಷ್ ಒಳಗೆ ದ್ರವ ತುಂಬಿರುತ್ತದೆ, ಅದು ಸೋರಿ ಎಣ್ಣೆ ಕಲೆಯಾಗಿದ್ದರೆ ರಬ್ಬರ್ ಚೆನ್ನಾಗಿ ಕಂಡರೂ ಬುಷ್ ಹೋದ ಲೆಕ್ಕ.

ಇನ್ನು ಲಿವರ್ ಪರೀಕ್ಷೆ. ಉದ್ದ ಲಿವರನ್ನು ಆರ್ಮ್ ಮತ್ತು ಬಾಡಿಯ ಗಟ್ಟಿ ಭಾಗದ ನಡುವೆ ಕೊಟ್ಟು ಮೆಲ್ಲಗೆ ಮೀಟಿ. ರಬ್ಬರ್ ಸ್ವಲ್ಪ ಅಮುಕಿ ಹಿಂದಿರುಗುವುದು ಸಹಜ, ಅದು ಇರಲೇಬೇಕು. ಪ್ರತಿರೋಧವೇ ಇಲ್ಲದೆ ಜಾರಿ ಟಕ್ ಎಂದು ನಿಂತರೆ ಬುಷ್ ಇಲ್ಲ. ಬ್ರೇಕ್ ಹೋಸ್‌ಗೆ, ಬಾಲ್ ಜಾಯಿಂಟಿನ (ಆರ್ಮಿನ ಹೊರತುದಿಯನ್ನು ಚಕ್ರಕ್ಕೆ ಸೇರಿಸುವ ಗುಂಡಿನ ಕೀಲು) ರಬ್ಬರ್ ಬೂಟಿಗೆ, ಆಕ್ಸೆಲ್ ಬೂಟಿಗೆ ಲಿವರ್ ತಾಗದಿರಲಿ.

ಕಾರು ಎತ್ತಿದಾಗಲೇ ಚಕ್ರವನ್ನೂ ಅಲ್ಲಾಡಿಸಿ ನೋಡಿ. ಎಡಕ್ಕೂ ಬಲಕ್ಕೂ ಹಿಡಿದು ಅಲ್ಲಾಡಿಸಿದಾಗ ಪ್ಲೇ (ಸಡಿಲ ಆಟ) ಸಿಕ್ಕರೆ ಟೈ ರಾಡ್ ಎಂಡ್, ಅಂದರೆ ಸ್ಟೇರಿಂಗಿನಿಂದ ಚಕ್ರಕ್ಕೆ ಬರುವ ಸರಳಿನ ತುದಿ. ಮೇಲೆ ಕೆಳಗೆ ಹಿಡಿದಾಗ ಸಿಕ್ಕರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಯಾವುದೆಂದು ತಿಳಿಯಲು ಒಳಗೆ ಕೂತವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ: ಪ್ಲೇ ಮಾಯವಾದರೆ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್.

ನೇರ ರಸ್ತೆಯಲ್ಲೂ ಸ್ಟೇರಿಂಗ್ ತಿದ್ದುತ್ತಲೇ ಇರಬೇಕು

ಘಟ್ಟದ ರಸ್ತೆಯಲ್ಲಿ ಇದು ಗೊತ್ತಾಗುವುದಿಲ್ಲ, ಕೈ ಹೇಗೂ ಆಡುತ್ತಲೇ ಇರುತ್ತದೆ. ಕಡೂರು ಕಡೆಯ ಬಯಲು ರಸ್ತೆಗೆ ಇಳಿದಾಗ ಗೊತ್ತಾಗುತ್ತದೆ. ಅಕ್ಸಿಲರೇಟರ್ ಕೊಟ್ಟಾಗ ಒಂದು ಕಡೆಗೆ, ಬ್ರೇಕ್ ಹಿಡಿದಾಗ ಅದರ ವಿರುದ್ಧ ಕಡೆಗೆ ಎಳೆದರೆ ಒಂದು ಬದಿಯ ಲೋಯರ್ ಆರ್ಮ್ ಬುಷ್ ಮೇಲೆ ಬಲವಾದ ಅನುಮಾನ ಪಡಿ. ಎರಡೂ ಸಂದರ್ಭದಲ್ಲಿ ಒಂದೇ ಕಡೆಗೆ ಎಳೆಯುತ್ತಿದ್ದರೆ ಗಾಳಿ, ಟೈರು, ಅಲೈನ್‌ಮೆಂಟ್ ಮೊದಲು. ಬ್ರೇಕ್ ಹಿಡಿದಾಗ ಮಾತ್ರ ಎಳೆಯುತ್ತಿದ್ದರೆ, ಕಾರು ಓಡಿಸಿ ನಿಲ್ಲಿಸಿದ ಮೇಲೆ ಚಕ್ರಗಳ ಹತ್ತಿರ ಕೈ ತನ್ನಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಕಾದ ಹೆಂಚಿನಂತಿದ್ದರೆ ಅಲ್ಲಿ ಕ್ಯಾಲಿಪರ್ ಕಚ್ಚಿಕೊಂಡಿದೆ.

ಅಲೈನ್‌ಮೆಂಟ್ ಮಾಡಿಸಿದರೂ ಟೈರಿನ ಒಳ ಅಂಚು ಸವೆಯುತ್ತದೆ

ಚಕ್ರವನ್ನು ಹಿಡಿದಿರುವ ಬುಷ್ಷೇ ಸಡಿಲವಾಗಿದ್ದರೆ ಅಲೈನ್‌ಮೆಂಟ್ ನಿಂತ ಕಾರಿಗೆ ಮಾತ್ರ ಸರಿ. ಓಡುವಾಗ, ಬ್ರೇಕ್ ಹಿಡಿಯುವಾಗ ಚಕ್ರದ ಮೂತಿ ಬೇರೆಲ್ಲೋ ಇರುತ್ತದೆ. ಅಂಗೈಯನ್ನು ಟೈರಿನ ಮೇಲೆ ಅಡ್ಡಲಾಗಿ ಆಡಿಸಿ. ಒಂದು ದಿಕ್ಕಿಗೆ ನಯ, ಇನ್ನೊಂದು ದಿಕ್ಕಿಗೆ ಗರಗಸದಂತೆ ಚುಚ್ಚಿದರೆ ಟೈರು ಓರೆಯಾಗಿ ಉಜ್ಜಿಕೊಂಡೇ ಓಡಿದೆ. ಅಲೈನ್‌ಮೆಂಟ್ ಅಂಗಡಿಯಲ್ಲಿ ಕಾರನ್ನು ಸ್ವಲ್ಪ ಹಿಂದೆ ಮುಂದೆ ಉರುಳಿಸಿ ಮತ್ತೆ ಅಳತೆ ತೆಗೆಯಲು ಹೇಳಿ. ಎರಡು ಸಲ ಎರಡು ಲೆಕ್ಕ ಬಂದರೆ ಅಲ್ಲಿಗೇ ನಿಲ್ಲಿಸಿ, ದುಡ್ಡು ಬುಷ್‌ಗೆ ಹಾಕಿ.

ಬೇಸಿಗೆಯಲ್ಲಿ ಕಿರ್ರ್, ಮಳೆಗಾಲದಲ್ಲಿ ಇಲ್ಲ

ಒಣಗಿದ ರಬ್ಬರ್ ಕಬ್ಬಿಣಕ್ಕೆ ಉಜ್ಜಿಕೊಳ್ಳುವ ಸದ್ದು. ಹಳೆ ಮಂಚದ ಮೇಲೆ ಹೊರಳಿದ ಹಾಗೆ ಕೇಳುತ್ತದೆ. ಒಂದೊಂದೇ ಬುಷ್‌ಗೆ ನೀರು ಸಿಂಪಡಿಸುತ್ತ ಕಾರನ್ನು ಅದುಮುತ್ತ ಬನ್ನಿ, ಯಾವುದಕ್ಕೆ ನೀರು ಬಿದ್ದಾಗ ಸದ್ದು ನಿಂತಿತೋ ಅದೇ ಕಳ್ಳ. ಬ್ರೇಕ್ ಡಿಸ್ಕು, ಸೈಲೆನ್ಸರ್ ಬಿಸಿ ಇರುವಾಗ ಇದನ್ನು ಮಾಡಬೇಡಿ. ಕಿರ್ ಎಂಬುದು ಅಪಾಯದ ಗಂಟೆಯಲ್ಲ. ಸಿಲಿಕೋನ್ ಗ್ರೀಸ್ (ಮಾಮೂಲಿ ಗ್ರೀಸಿನಂತೆ ಇದು ರಬ್ಬರನ್ನು ಊದಿಸುವುದಿಲ್ಲ) ಸವರಿ ಸ್ವಲ್ಪ ಕಾಲ ತಳ್ಳಬಹುದು.

ಹಿಂಭಾಗ ತೂಗುತ್ತದೆ, ತಿರುವಿನಲ್ಲಿ ಬಾಲ ಬೇರೆ ದಾರಿ ಹಿಡಿದಂತೆ

ಹಿಂದಿನ ಆಕ್ಸೆಲ್ಲಿನ ಬುಷ್ ಅಥವಾ ಹಿಂದಿನ ಚಕ್ರವನ್ನು ಬಾಡಿಗೆ ಹಿಡಿದಿರುವ ಟ್ರೇಲಿಂಗ್ ಆರ್ಮಿನ ಬುಷ್. ಮುಂದಿನದ್ದಕ್ಕಿಂತ ನಿಧಾನವಾಗಿ ಸವೆಯುವುದರಿಂದ ಯಾರೂ ನೋಡುವುದಿಲ್ಲ. ಬಾಳೆಹೊನ್ನೂರು ಕಡೆಯ ತಿರುವುಗಳಲ್ಲಿ ಸ್ಟೇರಿಂಗ್ ತಿರುಗಿಸಿ ಅರೆಗಳಿಗೆ ಆದ ಮೇಲೆ ಹಿಂಭಾಗ ‘ಈಗ ಬಂದೆ’ ಎಂಬಂತೆ ವಾಲಿದರೆ ಪಿಟ್ ಮೇಲೆ ನಿಲ್ಲಿಸಿ ತೋರಿಸಿ. ಆಕ್ಸೆಲ್ ಇಳಿಸುವ ಕೆಲಸ, ಮನೆಯಲ್ಲಿ ಬೇಡ.

ತೋಟದ ಜೀಪುಗಳ ಕಥೆ ಬೇರೆ. ಪಟ್ಟಿ ಸ್ಪ್ರಿಂಗಿನ ಎರಡೂ ತುದಿಯ ಬುಷ್ ಮತ್ತು ಅದರ ಒಂದು ತುದಿಯನ್ನು ಗಾಡಿಗೆ ಸೇರಿಸುವ ಕೊಂಡಿ, ಅಂದರೆ ಶ್ಯಾಕಲ್, ಸವೆದರೆ ಗಾಡಿ ಎತ್ತಿನ ಬಂಡಿಯ ಲಯದಲ್ಲಿ ಕುಲುಕುತ್ತದೆ. ಜೀಪ್ ಓಡಿಸುವವರು ಅದನ್ನು ಗುಣವೆಂದೇ ಒಪ್ಪಿಕೊಂಡಿರುತ್ತಾರೆ, ಯಾರು ಏನು ಹೇಳಿದರೂ ಕೇಳುವುದಿಲ್ಲ.

ಬುಷ್ ಅಲ್ಲದವು

ಸ್ಟೇರಿಂಗ್ ಪೂರ್ತಿ ತಿರುಗಿಸಿ ಚಲಿಸುವಾಗ ಕಟಕಟಕಟ ಅಂದರೆ ಆಕ್ಸೆಲ್ ಜಾಯಿಂಟ್. ನಿಂತಲ್ಲೇ ತಿರುಗಿಸಿದಾಗ ಸ್ಪ್ರಿಂಗ್ ‘ಟೊಂಯ್’ ಅಂದರೆ ಶಾಕಪ್ಪಿನ ಮೇಲಿನ ಮೌಂಟಿಂಗ್ ಬೇರಿಂಗ್. ವೇಗ ಏರಿದಂತೆ ಏರುವ ‘ಗುಂಯ್’ ವೀಲ್ ಬೇರಿಂಗ್. ಶಾಕಪ್ ನಿಜಕ್ಕೂ ಹೋಗಿದ್ದರೆ ಸಾಮಾನ್ಯವಾಗಿ ಮೈಮೇಲೆ ಎಣ್ಣೆ ಇಳಿದಿರುತ್ತದೆ, ಅದುಮಿ ಬಿಟ್ಟರೆ ಕಾರು ಎರಡು ಮೂರು ಸಲ ಕುಣಿಯುತ್ತದೆ.

ಇಷ್ಟು ಕಂಡರೆ ಕಾರು ಓಡಿಸಬೇಡಿ

ಬಾಲ್ ಜಾಯಿಂಟಿನಲ್ಲಿ ಕಣ್ಣಿಗೆ ಕಾಣುವ ಪ್ಲೇ ಇದ್ದರೆ, ಆರ್ಮ್ ಸೇರುವ ಜಾಗದಲ್ಲಿ ಬಾಡಿಯೇ ತುಕ್ಕು ಹಿಡಿದು ಪುಡಿ ಉದುರುತ್ತಿದ್ದರೆ, ಆರ್ಮ್ ಬಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ, ಬೋಲ್ಟು ಸಡಿಲಾಗಿ ರಂಧ್ರ ಮೊಟ್ಟೆಯಾಕಾರ ತಾಳಿದ್ದರೆ, ಬ್ರೇಕ್ ಹಿಡಿದಾಗ ಟೈರು ಒಳಗಿನ ಮಡ್‌ಗಾರ್ಡಿಗೆ ಉಜ್ಜುತ್ತಿದ್ದರೆ ಅಲ್ಲೇ ನಿಲ್ಲಿಸಿ ಟೋ ಮಾಡಿಸಿ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ, ಸ್ಟೇರಿಂಗ್ ಕೈಯಲ್ಲಿದ್ದೂ ಇಲ್ಲದಂತೆ. ಮುಳ್ಳಯ್ಯನಗಿರಿಯ ತಿರುವಿನಲ್ಲಿ ಹಾಗಾಗುವುದನ್ನು ಯೋಚಿಸಲೂ ಬೇಡ. ಬಾಡಿ ತುಕ್ಕು ಹಿಡಿದಿದ್ದರೆ ಬುಷ್ ಬದಲಾಯಿಸಿ ಫಲವಿಲ್ಲ, ಮೊದಲು ವೆಲ್ಡಿಂಗ್ ಬಲ್ಲವರ ಅಭಿಪ್ರಾಯ ಬೇಕು.

ಬದಲಾಯಿಸುವುದೇ ಆದರೆ

ಬುಷ್ ಮಾತ್ರವೋ, ಪೂರ್ತಿ ಆರ್ಮೋ? ಬಾಲ್ ಜಾಯಿಂಟ್ ಆರ್ಮಿಗೇ ಸೇರಿಕೊಂಡಿದ್ದು, ಅದೂ ಹಳತಾಗಿದ್ದರೆ ಪೂರ್ತಿ ಆರ್ಮ್ ಹಾಕಿಸಿ. ಬಿಚ್ಚುವ ಕೂಲಿ ಎರಡಕ್ಕೂ ಒಂದೇ. ಆರ್ಮ್ ಗಟ್ಟಿಯಿದ್ದು ಬಾಲ್ ಜಾಯಿಂಟ್ ಬೇರೆಯಾಗಿ ಸಿಗುವಂತಿದ್ದರೆ ಬುಷ್ ಸಾಕು. ಎಡಬಲ ಎರಡೂ ಒಟ್ಟಿಗೆ ಮಾಡಿಸಿ, ಒಂದು ಬದಿ ಗಟ್ಟಿ, ಇನ್ನೊಂದು ಮೆತ್ತಗೆ ಇದ್ದರೆ ಎಳೆತ ಹೊಸದಾಗಿ ಶುರುವಾಗುತ್ತದೆ. ಪಾಲಿಯುರೆಥೇನ್ ಬುಷ್ ಬಾಳಿಕೆ ಬರುತ್ತದೆ ನಿಜ, ಆದರೆ ರಸ್ತೆಯ ಒಂದೊಂದು ಕಲ್ಲನ್ನೂ ಸೀಟಿಗೆ ತಲುಪಿಸುತ್ತದೆ. ನಮ್ಮ ರಸ್ತೆಗೆ ಒಳ್ಳೆ ಕಂಪನಿಯ ರಬ್ಬರೇ ವಾಸಿ ಎಂದು ನನ್ನ ಅಭಿಪ್ರಾಯ.

ಇಲ್ಲಿಯ ತೇವಕ್ಕೆ ಬೋಲ್ಟು ಒಳಗಿನ ಕೊಳವೆಗೆ ತುಕ್ಕಿನಿಂದ ಅಂಟಿರುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ, ಉಳಿಸಿಕೊಳ್ಳುವ ರಬ್ಬರಿಗೆ ತಾಗದಂತೆ. ಗ್ಯಾಸ್ ಹಚ್ಚಿ ಹಳೆ ಬುಷ್ ಸುಡುವುದು ವಾಡಿಕೆಯಲ್ಲಿದೆ, ಆ ಹೊಗೆ ಶ್ವಾಸಕ್ಕೆ ಕೆಟ್ಟದ್ದು, ಪಕ್ಕದಲ್ಲೇ ಬ್ರೇಕ್ ಹೋಸ್ ಬೇರೆ. ಶಾಕಪ್ಪಿನ ಮೇಲ್ತುದಿಯ ನಡುವಿನ ನಟ್ ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ, ಒಳಗೆ ಸ್ಪ್ರಿಂಗ್ ಅದುಮಿಕೊಂಡು ಕೂತಿದೆ. ಬುಷ್ ಬದಲಿಸಲು ಅದನ್ನು ಬಿಚ್ಚುವ ಅಗತ್ಯವೇ ಇಲ್ಲ.

ಹಳೆ ಬುಷ್ ತೆಗೆಯುವ ಮೊದಲು ಅದು ಯಾವ ದಿಕ್ಕಿಗೆ, ಎಷ್ಟು ಒಳಗೆ ಕೂತಿತ್ತೆಂದು ಫೋಟೋ ತೆಗೆದುಕೊಳ್ಳಿ, ಆರ್ಮ್ ಮೇಲೆ ಗುರುತು ಹಾಕಿ. ಖಾಲಿ ಬಿಟ್ಟ ಬುಷ್ ತಿರುವುಮುರುವಾಗಿ ಕೂತರೆ ಬೇಗ ಹರಿಯುತ್ತದೆ. ಹೊಸತನ್ನು ಪ್ರೆಸ್ಸಿನಲ್ಲೇ ಒತ್ತಿಸಬೇಕು. ಸುತ್ತಿಗೆಯಲ್ಲಿ ಬಡಿದರೆ ಹೊರ ಕೊಳವೆ ಸೊಟ್ಟಗಾಗುತ್ತದೆ, ಆರ್ಮಿನ ತೂತೂ ಹಾಳು. ಗ್ಯಾರೇಜಿನಲ್ಲಿ ಪ್ರೆಸ್ ಇಲ್ಲದಿದ್ದರೆ ಆರ್ಮ್ ಬಿಚ್ಚಿಸಿಕೊಂಡು ಪ್ರೆಸ್ ಇರುವ ಲೇತ್ ಅಂಗಡಿಗೆ ಒಯ್ಯಿರಿ. ಒತ್ತುವಾಗ ಸಾಬೂನು ನೀರು ಸವರಿದರೆ ಸಾಕು, ಗ್ರೀಸ್ ಬೇಡ.

ಈಗ ಮುಖ್ಯ ಮಾತು. ಬುಷ್ ಬೋಲ್ಟುಗಳನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗ ಪೂರ್ತಿ ಬಿಗಿಯಬಾರದು. ಆಗ ಆರ್ಮ್ ಕೆಳಕ್ಕೆ ಜೋತಿರುತ್ತದೆ, ಆ ಸ್ಥಿತಿಯಲ್ಲೇ ಒಳ ಕೊಳವೆ ಬಿಗಿಯಾಗಿಬಿಡುತ್ತದೆ. ಕಾರು ನೆಲಕ್ಕೆ ಇಳಿದ ಕೂಡಲೇ ರಬ್ಬರ್ ತಿರುಚಿಕೊಂಡು, ನಿಂತಾಗಲೂ ಓಡುವಾಗಲೂ ತಿರುಚಿಕೊಂಡೇ ಇರುತ್ತದೆ. “ಹೊಸ ಬುಷ್ ಆರು ತಿಂಗಳೂ ಬರಲಿಲ್ಲ, ಡೂಪ್ಲಿಕೇಟ್ ಕೊಟ್ಟಿದ್ದಾರೆ” ಎಂಬ ದೂರುಗಳಲ್ಲಿ ಎಷ್ಟೋ ಸಲ ಅಂಗಡಿಯವರ ತಪ್ಪಿರುವುದಿಲ್ಲ. ಬೋಲ್ಟುಗಳನ್ನು ಕೈಬಿಗಿ ಮಾಡಿ, ಚಕ್ರ ಹಾಕಿ, ಕಾರನ್ನು ಇಳಿಸಿ, ನಾಲ್ಕಾರು ಸಲ ಅದುಮಿ ಕೂರಿಸಿ, ತೂಕವೆಲ್ಲ ಚಕ್ರದ ಮೇಲಿರುವಾಗ ಪಿಟ್ಟಿನಿಂದ ಬಿಗಿಯಿರಿ. ಪಿಟ್ ಇಲ್ಲದಿದ್ದರೆ ಸ್ಟ್ಯಾಂಡ್ ಹಾಗೇ ಇರಲಿ, ಲೋಯರ್ ಆರ್ಮಿನ ಹೊರತುದಿಗೆ ಜಾಕಿ ಕೊಟ್ಟು ಕಾರು ಸ್ಟ್ಯಾಂಡಿನಿಂದ ಇನ್ನೇನು ಏಳುತ್ತದೆ ಎನ್ನುವ ತನಕ ಎತ್ತಿ ಬಿಗಿಯಬಹುದು. ಎಷ್ಟು ಬಿಗಿ ಎಂಬುದು ಆಯಾ ಕಾರಿನ ಸರ್ವೀಸ್ ಪುಸ್ತಕದಲ್ಲಿರುತ್ತದೆ, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ಪಾನಾದಲ್ಲೇ ಬಿಗಿಯಿರಿ. ಬಾಲ್ ಜಾಯಿಂಟ್ ನಟ್‌ಗೆ ಈ ನಿಯಮ ಇಲ್ಲ, ಅದನ್ನು ಕೂಡಲೇ ಪೂರ್ತಿ ಬಿಗಿದು ಹೊಸ ಪಿನ್ ಹಾಕಿ. ಒಮ್ಮೆ ಬಿಚ್ಚಿದ ಲಾಕ್ ನಟ್ ಮತ್ತೆ ಬಳಸಬೇಡಿ.

ಗ್ಯಾರೇಜಿಗೆ ಕೊಟ್ಟವರೂ ಇದೊಂದನ್ನು ಕೇಳಿ: “ಅಣ್ಣಾ, ಬುಷ್ ಬೋಲ್ಟ್ ಕೆಳಗಿಳಿಸಿದ ಮೇಲೆ ಟೈಟ್ ಮಾಡ್ತೀರಲ್ಲ?” ಕೆಲಸ ಬಲ್ಲವರಾದರೆ ತಲೆಯಾಡಿಸುತ್ತಾರೆ. “ಅದೆಲ್ಲ ಏನೂ ಆಗಲ್ಲ” ಅಂದರೆ ಬೇರೆ ಗ್ಯಾರೇಜ್ ನೋಡಿ.

ಬುಷ್ ಬದಲಿಸಿದ ದಿನವೇ, ತಪ್ಪಿದರೆ ಮರುದಿನ, ಅಲೈನ್‌ಮೆಂಟ್ ಮಾಡಿಸಿ. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳಿಗೂ ವೀಲ್ ನಟ್‌ಗಳಿಗೂ ಮತ್ತೊಮ್ಮೆ ಪಾನಾ ಹಾಕಿ ನೋಡಿ. ಸದ್ದು ಇನ್ನೂ ಇದ್ದರೆ ಅದೇ ಕಣಕ್ಕೆ ಹೋಗಿ ಬ್ರೇಕ್ ಪರೀಕ್ಷೆ ಇನ್ನೊಮ್ಮೆ ಮಾಡಿ. ಧಡ್ ಹೋಗಿ ಟಕಟಕ ಮಾತ್ರ ಉಳಿದಿದ್ದರೆ ಲಿಂಕ್ ರಾಡ್ ಬಾಕಿಯಿದೆ.